ಐವತ್ತು ರೂಪಾಯಿಯ ರೋಗಿ

ಐವತ್ತು ರೂಪಾಯಿಗೆ ಸಿಗುವ ವಸ್ತುವೊಂದನ್ನು ದುರಸ್ತಿ ಮಾಡಿಸಲು ಮುನ್ನೂರು ರೂಪಾಯಿ ವೆಚ್ಚ ಮಾಡುವುದು ಅವಿವೇಕವೆಂದು ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ಕೊಡೆ, ಚಪ್ಪಲಿ, ಗೋಡೆ ಗಡಿಯಾರಗಳ ವಿಷಯದಲ್ಲಿ ಈ ಸೂತ್ರಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಸಾರ್ವಜನಿಕ ಪಶುವೈದ್ಯಕೀಯ ಸೇವೆಯು ಇದೇ ಸೂತ್ರವನ್ನು, ಯಾವ ಸುತ್ತೋಲೆಯಲ್ಲಿಯೂ ಬರೆಯದೆ, ಯಾವ ಸಭೆಯಲ್ಲಿಯೂ ಚರ್ಚಿಸದೆ, ಬಡವರ ಹಿತ್ತಲಿನ ಕೋಳಿ ಮತ್ತು ಬಾತುಕೋಳಿಗಳಿಗೆ ಅನ್ವಯಿಸಿಕೊಂಡು ಬಂದಿದೆ. ಹಸು ಕಾಯಿಲೆ ಬಿದ್ದರೆ ವೈದ್ಯರು ಬರುತ್ತಾರೆ, ಕನಿಷ್ಠಪಕ್ಷ ಬರಬೇಕೆಂಬ ನಿರೀಕ್ಷೆಯಾದರೂ ಇದೆ. ಕುರಿಗೆ ಲಸಿಕೆಯ ವೇಳಾಪಟ್ಟಿಯಿದೆ. ನಾಯಿ ಬೆಕ್ಕುಗಳಿಗೆ ನಗರದಲ್ಲಿ ಖಾಸಗಿ ಚಿಕಿತ್ಸಾಲಯಗಳು ಬೀದಿಗೊಂದರಂತೆ ತೆರೆದುಕೊಂಡಿವೆ. ಹಿತ್ತಲಿನ ಹಕ್ಕಿ ಮಾತ್ರ ಬದುಕಿದರೆ ಬದುಕಿತು, ಸತ್ತರೆ ಸತ್ತಿತು.

ಈ ಸಂಗತಿ ನನ್ನ ಗಮನಕ್ಕೆ ಬಂದದ್ದು ಒಂದು ಬಾತುಕೋಳಿ ಮರಿಯಿಂದ. ನಾನು ನಿವೃತ್ತನಾದ ಮೇಲೆ ನೆಲೆಸಿರುವ ಬೆಂಗಳೂರಿನ ಬಡಾವಣೆಯಲ್ಲಿ ಇನ್ನೂ ಕಟ್ಟಡಗಳು ಏಳುತ್ತಿವೆ. ಎದುರಿನ ನಿವೇಶನದಲ್ಲಿ ಕಾವಲಿಗಿರುವ ಕುಟುಂಬ ರಾಯಚೂರು ಸೀಮೆಯದು. ಅಲ್ಲಿಯ ಗದ್ದೆಗಳಿಗೆ ಭತ್ತದ ಕೊಯ್ಲಿನ ನಂತರ ಆಂಧ್ರದ ಕಡೆಯಿಂದ ಸಾವಿರಾರು ಬಾತುಗಳ ಹಿಂಡನ್ನು ಹೊಡೆದುಕೊಂಡು ಬರುವವರನ್ನು ಚಿಕ್ಕಂದಿನಿಂದ ಕಂಡ ಆ ಮನೆಯ ಹೆಣ್ಣುಮಗಳು, ಸಂತೆಯಲ್ಲಿ ಐವತ್ತು ರೂಪಾಯಿಗೊಂದರಂತೆ ಆರು ಮರಿಗಳನ್ನು ಕೊಂಡು ತಂದಿದ್ದಳು. ಮೂರು ವಾರ ಚೆನ್ನಾಗಿಯೇ ಇದ್ದವು. ಒಂದು ದಿನ ಅವುಗಳಲ್ಲಿ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಸಾಹೇಬ್ರ, ಇದು ಎದ್ದು ನಿಲ್ಲವಲ್ಲದು, ನೋಡ್ರಿ" ಎಂದಳು. ಮರಿಯ ಕಣ್ಣು ಚುರುಕಾಗಿಯೇ ಇತ್ತು. ಕೊಕ್ಕಿನ ಬಳಿ ನೀರು ಹಿಡಿದರೆ ಕುಡಿಯುತ್ತಿತ್ತು. ಆದರೆ ಕಾಲುಗಳು ಬಿಲ್ಲಿನಂತೆ ಬಾಗಿದ್ದವು, ಮೊಣಕಾಲಿನ ಗಂಟು ಊದಿತ್ತು. ಎರಡು ಹೆಜ್ಜೆ ತೆವಳಿ ಕುಳಿತುಬಿಡುತ್ತಿತ್ತು.

ಪಾದರಕ್ಷೆಯ ಖಾಲಿ ಡಬ್ಬಿಯಲ್ಲಿ ಮರಿಯನ್ನಿರಿಸಿಕೊಂಡು, ಆಕೆಯೊಡನೆ ಆಟೋ ಹಿಡಿದು ಒಂದು ಪಶು ಆಸ್ಪತ್ರೆಗೆ ಹೋದೆ. ಹೆಸರು ಬೇಡ, ಬೇರೆ ಕಡೆ ಹೋಗಿದ್ದರೂ ಬಹುಶಃ ಹೀಗೆಯೇ ಆಗುತ್ತಿತ್ತು. ಸಿಬ್ಬಂದಿಯೊಬ್ಬರು ಡಬ್ಬಿಯೊಳಗೆ ಇಣುಕಿ, "ಏನ್ ಸಾರ್, ಇದಕ್ಕೂ ಚೀಟಿ ಬರೀಬೇಕಾ?" ಎಂದು ನಕ್ಕರು. ಅವರ ನಗುವಿನಲ್ಲಿ ದುರುದ್ದೇಶವಿರಲಿಲ್ಲ. ಕೊನೆಗೆ ವೈದ್ಯರು ನೋಡಿದರು. ಡಬ್ಬಿಯಿಂದ ಮರಿಯನ್ನು ಹೊರತೆಗೆಯದೆ ಒಂದು ಆಂಟಿಬಯೊಟಿಕ್ ಪುಡಿಯ ಹೆಸರು ಬರೆದುಕೊಟ್ಟರು. ಎಷ್ಟು ಕೊಡಬೇಕೆಂದು ಕೇಳಿದ್ದಕ್ಕೆ "ಒಂದು ಚಿಟಿಕೆ, ನೀರಿನಲ್ಲಿ" ಎಂಬ ಉತ್ತರ ಬಂತು. ಮರಿಗೆ ಏನು ತಿನ್ನಿಸುತ್ತಿದ್ದೀರಿ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು, ನಾನು ಅದೇ ಸಂಜೆ ದೂರವಾಣಿಯಲ್ಲಿ ಮಾತನಾಡಿಸಿದ ನನ್ನ ಹಳೆಯ ಸಹೋದ್ಯೋಗಿ, ಪಶುಸಂಗೋಪನೆ ಇಲಾಖೆಯಿಂದ ನಿವೃತ್ತರಾದ ವೈದ್ಯರು. ಮರಿಯ ವಯಸ್ಸೆಷ್ಟು? ಉಳಿದ ಐದು ಹೇಗಿವೆ? ಹಿಕ್ಕೆಯ ಬಣ್ಣವೇನು? ಏನು ತಿನ್ನುತ್ತವೆ? ಜೋಳದ ನುಚ್ಚು ಮತ್ತು ಅನ್ನ ಎಂದೆ. "ಹಾಗಾದರೆ ಇದು ಕ್ರಿಮಿಯ ಕಾಟವಲ್ಲ, ಊಟದ ಕೊರತೆ. ಪುಡಿಯನ್ನು ಪಕ್ಕಕ್ಕಿಡಿ" ಎಂದರು. ನಿಯಾಸಿನ್ ಎಂಬ ಜೀವಸತ್ತ್ವ ಬಾತುಮರಿಗೆ ಕೋಳಿಮರಿಗಿಂತ ಬಹಳ ಹೆಚ್ಚು, ಹತ್ತಿರ ಹತ್ತಿರ ಎರಡು ಪಟ್ಟು ಬೇಕು. ಕೋಳಿ ತನ್ನ ದೇಹದಲ್ಲಿಯೇ ಒಂದಿಷ್ಟನ್ನು ತಯಾರಿಸಿಕೊಳ್ಳಬಲ್ಲದು. ಬಾತುಮರಿಗೆ ಆ ಶಕ್ತಿ ಸಾಲದು. ಕೆರೆ ಗದ್ದೆಗಳಲ್ಲಿ ಹುಳು, ಬಸವನಹುಳು, ಸಣ್ಣ ಮೀನು ತಿಂದುಕೊಂಡು ಬೆಳೆಯುವ ಮರಿಗೆ ಈ ಕೊರತೆ ಬಾರದು. ಸಿಮೆಂಟಿನ ಅಂಗಳದಲ್ಲಿ ನುಚ್ಚು ತಿಂದು ಬೆಳೆಯುವ ಮರಿಗೆ ಮೊದಲು ಸೋಲುವುದು ಕಾಲು.

ಜೋಳದ ಮಾತು ಬಂದಾಗ ನನಗೆ ಬೇರೊಂದು ಸಂಗತಿ ನೆನಪಾಯಿತು. ಇದೇ ನಿಯಾಸಿನ್ ಕೊರತೆಯಿಂದ ಮನುಷ್ಯರಿಗೆ ಬರುವ ರೋಗ ಪೆಲಾಗ್ರ: ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಕೂಲಿಗಳು ಮೆಕ್ಕೆಜೋಳವನ್ನೇ ತಿಂದು ಇದಕ್ಕೆ ಬಲಿಯಾದರು. ಅದನ್ನು ಅಂಟುರೋಗವೆಂದೇ ಬಹುಜನ ವೈದ್ಯರು ನಂಬಿದ್ದರು. ಅಲ್ಲ, ಇದು ಬಡವರ ತಟ್ಟೆಯ ದೋಷ ಎಂದು 1914ರಿಂದ ವರ್ಷಾನುಗಟ್ಟಲೆ ವಾದಿಸಿದವರು ಜೋಸೆಫ್ ಗೋಲ್ಡ್‌ಬರ್ಗರ್. ಕೊರತೆಯ ವಸ್ತು ನಿಯಾಸಿನ್ ಎಂಬುದು 1937ರಲ್ಲಿ ಖಚಿತವಾಯಿತು, ಅದೂ ನಾಯಿಗಳ ಮೇಲಿನ ಪ್ರಯೋಗದಿಂದ. ನಮ್ಮ ದಖನ್ ಸೀಮೆಯ ಜೋಳ ಉಣ್ಣುವ ಬಡವರಲ್ಲಿಯೂ ಪೆಲಾಗ್ರ ಇರುವುದನ್ನು ಗುರುತಿಸಿ 1960ರಲ್ಲಿ ಪ್ರಕಟಿಸಿದವರು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಿಯಾ. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಇದಕ್ಕೆ ಕಾರಣವೆಂಬ ಅವರ ವಿವರಣೆಯ ಬಗ್ಗೆ ಆಮೇಲೆ ವಾದ ವಿವಾದಗಳು ನಡೆದಿವೆ. ಅದು ಇರಲಿ. ತಟ್ಟೆಯ ರೋಗಕ್ಕೆ ಕ್ರಿಮಿಯನ್ನು ಹುಡುಕುವ ಅಭ್ಯಾಸ ಎಷ್ಟು ಹಳೆಯದೆಂಬುದನ್ನು ನೋಡಿ.

ಚಿಕಿತ್ಸೆಗೆ ತಗುಲಿದ್ದು ಅತ್ಯಲ್ಪ. ಬೇಕರಿಗಳಿಗೆ ಸರಬರಾಜು ಮಾಡುವ ಅಂಗಡಿಯವನೊಬ್ಬನಿಂದ ಪೌಷ್ಟಿಕ ಯೀಸ್ಟ್ ಪುಡಿ ತಂದೆವು. ಹಿಟ್ಟು ಹುದುಗಿಸುವ ಯೀಸ್ಟ್ ಅಲ್ಲ, ಅದು ಹೊಟ್ಟೆಯಲ್ಲಿ ಉಬ್ಬುತ್ತದೆ. ಒಂದು ಬಟ್ಟಲು ಆಹಾರಕ್ಕೆ ಒಂದು ದೊಡ್ಡ ಚಮಚದಂತೆ ಒದ್ದೆ ಮಾಡಿ ಕಲಸುವುದು, ಜೊತೆಗೆ ಬೇಯಿಸಿ ಹಿಸುಕಿದ ಹಸಿ ಬಟಾಣಿ, ಉಪ್ಪಿಲ್ಲದ ಒಣಮೀನಿನ ಪುಡಿ. ಕೊಕ್ಕು, ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರಿನ ಬಟ್ಟಲು ಬಾತಿಗೆ ಸದಾ ಬೇಕು. ಅದಿಲ್ಲದಿದ್ದರೆ ಮೂಗು ಕಣ್ಣು ಕಟ್ಟಿಕೊಳ್ಳುತ್ತವೆ. ಹಾಗೆಂದು ತೊಟ್ಟಿಯಲ್ಲಿ ಈಜಲು ಬಿಡಬಾರದು. ತಾಯಿಯಿಲ್ಲದ ಮರಿಯ ತುಪ್ಪುಳಿಗೆ ನೀರು ತಡೆಯುವ ಜಿಡ್ಡು ಇನ್ನೂ ಸಾಕಷ್ಟು ಇರುವುದಿಲ್ಲ, ನೆನೆದು ಚಳಿ ಹಿಡಿದು ಸಾಯುತ್ತದೆ. ಬಾತು ಹುಟ್ಟಿದ್ದೇ ನೀರಿಗಾಗಿ ಎಂಬ ನಂಬಿಕೆಯಿಂದ ಸತ್ತಿರುವ ಮರಿಗಳ ಲೆಕ್ಕ ಇಟ್ಟವರಿಲ್ಲ. ಕಾಲು ಹಿಡಿದು ಎತ್ತಲೂಬಾರದು. ಬಾತಿನ ಕಾಲು ಕೋಳಿಯದರಷ್ಟು ಗಟ್ಟಿಯಲ್ಲ. ಎರಡೂ ಕೈಗಳಲ್ಲಿ ಮೈಯನ್ನು ಆನಿಸಿ ಎತ್ತಬೇಕು.

ಶಾಖದ ವಿಷಯದಲ್ಲಿ ಒಂದು ತಮಾಷೆಯಾಯಿತು. ಮೊದಲ ವಾರದ ಮರಿಗೆ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ನಮ್ಮ ಮರಿಗೆ ಮೂರು ವಾರ ತುಂಬಿದ್ದರೂ, ಡಿಸೆಂಬರಿನ ಬೆಂಗಳೂರಿನ ರಾತ್ರಿಗೆ, ಅದರಲ್ಲೂ ಎದ್ದು ಓಡಾಡಲಾರದ ಕಾಯಿಲೆಯ ಮರಿಗೆ, ಒಂದಿಷ್ಟು ಕಾವು ಅಗತ್ಯವೆಂದು ವೈದ್ಯ ಮಿತ್ರರು ಹೇಳಿದರು. ಎಲ್ಲ ಹಳೆಯ ಕೈಪಿಡಿಗಳೂ ರಟ್ಟಿನ ಪೆಟ್ಟಿಗೆಯ ಮೇಲೆ ಒಂದು ಬಲ್ಬು ತೂಗುಹಾಕಿ ಎನ್ನುತ್ತವೆ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ವಿದ್ಯುತ್ ಉಳಿತಾಯದ ಮಹತ್ಕಾರ್ಯದಲ್ಲಿ ಬಡವರ ಕಾವುಗೂಡಿಗೆ ಬದಲಿಯೇನೆಂದು ಯೋಜನೆಗಳನ್ನು ರೂಪಿಸಿದವರಿಗೆ ಹೊಳೆದಂತಿಲ್ಲ. ನಾಲ್ಕು ಅಂಗಡಿ ತಿರುಗಿ ತಂತಿ ಸುರುಳಿಯ ಹಳೆಯ ಅರವತ್ತು ವ್ಯಾಟಿನ ಬಲ್ಬೊಂದನ್ನು ಧೂಳು ಒರೆಸಿ ತಂದೆ. ಮರಿ ದೀಪದಡಿಗೆ ಮುದುಡಿಕೊಂಡರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ, ಉಷ್ಣಮಾಪಕವೇ ಬೇಡ. ಪೆಟ್ಟಿಗೆಯಲ್ಲಿ ವೃತ್ತಪತ್ರಿಕೆ ಹಾಸಕೂಡದು, ಕಾಲು ಜಾರಿ ಇನ್ನಷ್ಟು ಸೊಟ್ಟಗಾಗುತ್ತದೆ, ಗೋಣಿತಾಟು ಒಳ್ಳೆಯದು. ಸಂಪಾದಕರು ಮನ್ನಿಸಬೇಕು. ಒಂಟಿಯಾಗಿ ಇಟ್ಟರೆ ಮರಿ ಕೊರಗಿ ಊಟ ಬಿಡುತ್ತದೆಂದು ಇನ್ನೊಂದು ಮರಿಯನ್ನೂ ಜೊತೆಗಿಟ್ಟೆವು. ಎಂಟನೆಯ ದಿನ ಅದು ಎದ್ದು ನಿಂತಿತು. ಎಡಗಾಲು ಈಗಲೂ ತುಸು ವಕ್ರವಾಗಿದೆ. ಇನ್ನೊಂದು ವಾರ ತಡವಾಗಿದ್ದರೆ ಗಂಟಿನ ದೋಷ ಶಾಶ್ವತವಾಗಿ ಮರಿ ನೆಲ ಹಿಡಿಯುತ್ತಿತ್ತು.

ಈಗ ಲೆಕ್ಕಕ್ಕೆ ಬರೋಣ. ಆ ಮರಿಯ ಬೆಲೆ ನಿಜವಾಗಿಯೂ ಐವತ್ತು ರೂಪಾಯಿಯೇ? ಮಾರುಕಟ್ಟೆಯ ಬೆಲೆ ಅದು, ನಿಜ. ಆದರೆ ಆಸ್ತಿಯೊಂದರ ಮೌಲ್ಯವೆಂದರೆ ಅದರಿಂದ ಮುಂದೆ ಬರುವ ಆದಾಯದ ಮೊತ್ತವೆಂದು ನಾವು ಓದಿದ್ದು. ನಾಡ ಬಾತು ವರ್ಷಕ್ಕೆ ನೂರು, ನೂರೈವತ್ತು ಮೊಟ್ಟೆಯಿಟ್ಟೀತು. ಖಾಕಿ ಕ್ಯಾಂಪ್‌ಬೆಲ್ ತಳಿಯಾದರೆ ಮುನ್ನೂರರ ಹತ್ತಿರಕ್ಕೂ ಹೋಗಬಲ್ಲದು. ನೂರಿಪ್ಪತ್ತು ಮೊಟ್ಟೆ, ಒಂದಕ್ಕೆ ಹತ್ತು ರೂಪಾಯಿ ಎಂದು ಹಿಡಿಯಿರಿ. ಮರಿ ಹೆಣ್ಣೋ ಗಂಡೋ ಎಂಬುದು ಇನ್ನೂ ತಿಳಿಯದಾದ್ದರಿಂದ ಅರ್ಧಕ್ಕೆ ಇಳಿಸಿರಿ. ಹಾಗಿದ್ದರೂ ವರ್ಷಕ್ಕೆ ಆರುನೂರು ರೂಪಾಯಿಯ ನಿರೀಕ್ಷೆ, ಎರಡು ಮೂರು ವರ್ಷ. ಕಟ್ಟಡದ ಕಾವಲಿನ ಸಂಬಳ ಗಂಡನ ಕೈಗೆ ಬರುತ್ತದೆ; ಮೊಟ್ಟೆಯ ಹಣ ಆಕೆಯದೇ. ಐವತ್ತು ರೂಪಾಯಿಯ ಇನ್ನೊಂದು ಮರಿ ಕೊಳ್ಳಬಹುದಲ್ಲ ಎಂಬ ವಾದವೂ ನಿಲ್ಲದು. ಕಾರಣ ತಿಳಿಯದಿದ್ದರೆ ಹೊಸ ಮರಿಯೂ ಅದೇ ನುಚ್ಚು ತಿಂದು ಅದೇ ರೀತಿ ಕುಸಿಯುತ್ತದೆ, ಉಳಿದ ಐದರ ಗತಿಯೂ ಅದೇ. ಅಂದು ಆಸ್ಪತ್ರೆಯಲ್ಲಿ ದೊರೆಯಬೇಕಾಗಿದ್ದದ್ದು ಔಷಧವಲ್ಲ, ಒಂದು ಮಾಹಿತಿ. ಒಮ್ಮೆ ಹೇಳಿದ ಮಾಹಿತಿಗೆ ಎರಡನೆಯ ಸಲ ಹೇಳಲು ಖರ್ಚಿಲ್ಲ. ಇಂಥ ಸರಕನ್ನು ಮಾರುಕಟ್ಟೆ ಪೂರೈಸದು, ಸರ್ಕಾರವೇ ಪೂರೈಸಬೇಕೆಂಬುದು ಅರ್ಥಶಾಸ್ತ್ರದಲ್ಲಿ ವಿವಾದವೇ ಇಲ್ಲದ ಮಾತು.

ಮಾಹಿತಿಯ ಬದಲು ಬಂದ ಆಂಟಿಬಯೊಟಿಕ್ ಪುಡಿಗೆ ಮಾತ್ರ ಖರ್ಚಿದೆ, ಅದನ್ನು ತೆರುವವರು ನಾವೆಲ್ಲ. ಕಾರಣ ತಿಳಿಯದ ಕಾಯಿಲೆಗೆ ಚಿಟಿಕೆ ಚಿಟಿಕೆ ಕೊಟ್ಟ ಔಷಧ ರೋಗಾಣುವನ್ನು ಕೊಲ್ಲದೆ ಪಳಗಿಸುತ್ತದೆ. ಮನುಷ್ಯರಿಗೆ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಅನ್ನು ಕೋಳಿ ಸಾಕಣೆಯಲ್ಲಿ ಮೈತೂಕ ಹೆಚ್ಚಿಸಲು ಮೇವಿನಲ್ಲಿ ಬೆರೆಸುತ್ತಿದ್ದುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರ ಜುಲೈನಲ್ಲಿ. ದೊಡ್ಡ ಸಾಕಣೆದಾರರ ಮೇಲೆ ಕಣ್ಣಿಡಲು ಅಷ್ಟಾದರೂ ನಿಯಮವಿದೆ. ಚೀಟಿಯ ಮೇಲೆ ಔಷಧದ ಹೆಸರನ್ನಷ್ಟೇ ಬರೆದು ಕಳಿಸುವ ಅಭ್ಯಾಸದ ಮೇಲೆ ಕಣ್ಣಿಡುವವರು ಯಾರು?

ಪಶುವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಗರ್ಭಧಾರಣೆಯ ಗುರಿ, ಕಾಲುಬಾಯಿ ಜ್ವರದ ಲಸಿಕೆ, ದನಗಳ ಕಿವಿಗೆ ಹನ್ನೆರಡು ಅಂಕಿಯ ಓಲೆ, 2022ರಲ್ಲಿ ಹಬ್ಬಿದ ಚರ್ಮಗಂಟು ರೋಗ, ಇವುಗಳ ನಡುವೆ ಅವರು ಉಸಿರಾಡುವುದೇ ಕಷ್ಟ. ಐದು ಸಾವಿರ ಜಾನುವಾರು ಘಟಕಗಳಿಗೆ ಒಬ್ಬ ವೈದ್ಯರಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ ಶಿಫಾರಸು ಮಾಡಿದ್ದು 1976ರಲ್ಲಿ. ಅರ್ಧ ಶತಮಾನದ ಬಳಿಕವೂ ನಾವು ಆ ಗುರಿಯ ಸುತ್ತಲೇ ಸುತ್ತುತ್ತಿದ್ದೇವೆ. ರೈತರ ಮನೆ ಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳು, ಅವುಗಳ 1962 ಸಹಾಯವಾಣಿ, ಇವು ಒಳ್ಳೆಯ ಯೋಜನೆಗಳೆಂದು ಒಪ್ಪುತ್ತೇನೆ. ಆದರೆ ಅವುಗಳ ಹಂಚಿಕೆಯ ಮಾನದಂಡ ಒಂದು ಲಕ್ಷ ಜಾನುವಾರುಗಳಿಗೆ ಒಂದು ವಾಹನ. ನಮ್ಮ ಗಣತಿಯಲ್ಲಿ ಜಾನುವಾರು ಎಂಬ ಪದದೊಳಗೆ ಹಕ್ಕಿ ಬರುವುದಿಲ್ಲ. 2019ರ 20ನೇ ಗಣತಿಯಂತೆ ದೇಶದಲ್ಲಿ 53.57 ಕೋಟಿ ಜಾನುವಾರುಗಳಿದ್ದವು. ಕೋಳಿ, ಬಾತು ಮೊದಲಾದವು ಪ್ರತ್ಯೇಕವಾಗಿ 85.18 ಕೋಟಿ. ಇವುಗಳಲ್ಲಿ ಹಿತ್ತಲಿನವೇ 31.7 ಕೋಟಿ, ಹಿಂದಿನ ಗಣತಿಗಿಂತ ಶೇ 45ಕ್ಕೂ ಹೆಚ್ಚು. ಹಿತ್ತಲಿನ ಹಕ್ಕಿ ಅಳಿಯುತ್ತಿರುವ ಹಳೆಯ ಪದ್ಧತಿಯೆಂದು ಭಾವಿಸಿದವರು ಈ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಎಣಿಸುವಾಗ ಸಿಕ್ಕ ಈ ಮೂವತ್ತೊಂದು ಕೋಟಿ ಹಕ್ಕಿಗಳು ಹಂಚುವಾಗ ಕಾಣೆಯಾಗುತ್ತವೆ.

ಹಸುವನ್ನು ಬಿಟ್ಟು ಬಾತುವಿನ ಹಿಂದೆ ಓಡಿರಿ ಎಂದು ನಾನು ಹೇಳುತ್ತಿಲ್ಲ. ಸಂಪನ್ಮೂಲ ಮಿತವಾದಾಗ ಆದ್ಯತೆ ಅನಿವಾರ್ಯ. ಆದರೆ ಕಾಯಿಲೆಯ ಹಕ್ಕಿ ಅದರ ಒಡತಿಯ ಖಾಸಗಿ ನಷ್ಟ ಮಾತ್ರವಾಗಿ ಉಳಿಯುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು, ಅವುಗಳ ಜೊತೆಗೆ ಬಾತುಮರಿಗಳೂ. ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯ ಬೂಷ್ಟಿನಲ್ಲಿದ್ದ ವಿಷವೇ ಕಾರಣವೆಂದು ಪತ್ತೆಯಾಯಿತು. ಅಫ್ಲಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಈ ವಿಷವನ್ನು ಗುರುತಿಸಲು ವಿಜ್ಞಾನಿಗಳು ಬಳಸಿದ ಸಾಧನ ಒಂದು ದಿನದ ಬಾತುಮರಿ, ಏಕೆಂದರೆ ಅದರಷ್ಟು ಬೇಗ ಈ ವಿಷಕ್ಕೆ ಸೋಲುವ ಜೀವಿಗಳು ವಿರಳ. ಹದಿನಾಲ್ಕು ವರ್ಷಗಳ ನಂತರ, 1974ರಲ್ಲಿ, ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಆ ಮನೆಗಳ ನಾಯಿಗಳೂ ಸತ್ತಿದ್ದವು. ಕಡಲೆಕಾಯಿ ಹಿಂಡಿ ನಿಯಾಸಿನ್‌ಗೆ ಒಳ್ಳೆಯ ಮೂಲ, ನಮ್ಮ ಕೋಲಾರ ಚಿತ್ರದುರ್ಗಗಳಲ್ಲಿ ಸುಲಭವಾಗಿ ಸಿಗುವಂಥದು. ಬೂಷ್ಟು ಹಿಡಿದದ್ದು ಬಾತುಮರಿಗೆ ಸಾವು. ಒಂದೇ ಹಿಂಡಿ ಔಷಧವೂ ಹೌದು, ವಿಷವೂ ಹೌದು. ಇದನ್ನು ಸಾಕುವವರಿಗೆ ಯಾರಾದರೂ ಹೇಳಿದ್ದಾರೆಯೇ?

ಹಕ್ಕಿಜ್ವರದ ಕಥೆಯೂ ಹೀಗೆಯೇ. ಸಮುದ್ರಮಟ್ಟಕ್ಕಿಂತ ಕೆಳಗೆ ಗದ್ದೆಗಳಿರುವ ಕೇರಳದ ಕುಟ್ಟನಾಡಿನಲ್ಲಿ ಬಾತು ಸಾಕಣೆ ಸಾವಿರಾರು ಕುಟುಂಬಗಳ ಬದುಕು. ಅಲ್ಲಿ 2014, 2016, 2021, 2024ರಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಹಿಂಡು ಹಿಂಡೇ ನಾಶವಾಯಿತು. 2021ರಲ್ಲಿ ಕೇರಳ ಸರ್ಕಾರ ಕೊಲ್ಲಲಾದ ಹಕ್ಕಿಗೆ ಕೊಟ್ಟ ಪರಿಹಾರ, ಎರಡು ತಿಂಗಳು ಮೀರಿದ್ದಕ್ಕೆ 200 ರೂಪಾಯಿ, ಅದಕ್ಕಿಂತ ಚಿಕ್ಕದಕ್ಕೆ 100. ಬದುಕಿರುವಾಗ ಚೀಟಿ ಬರೆಯಲು ಯೋಗ್ಯವಲ್ಲದ ಮರಿ, ರೋಗ ಹಬ್ಬಿ ಕೊಲ್ಲಬೇಕಾಗಿ ಬಂದ ದಿನ ನೂರು ರೂಪಾಯಿಯ ಸರ್ಕಾರಿ ವೆಚ್ಚವಾಗುತ್ತದೆ. ನಮ್ಮಲ್ಲಿಯೂ ಇದು ದೂರದ ಮಾತಲ್ಲ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ, 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಈ ಜ್ವರ ದೃಢಪಟ್ಟಿತು. ಬಾತಿಗೆ ಇನ್ನೊಂದು ಅಪಾಯಕಾರಿ ಗುಣವಿದೆ: ಕೆಲವು ಬಗೆಯ ಹಕ್ಕಿಜ್ವರದ ವೈರಾಣುವನ್ನು ಅದು ತಾನು ಕಾಯಿಲೆ ಬೀಳದೆಯೇ ಹೊತ್ತು ತಿರುಗಬಲ್ಲದು. ಕೆರೆಯಂಚಿನ ಬಡಾವಣೆಯಲ್ಲಿ ವಲಸೆ ಹಕ್ಕಿಗಳ ಜೊತೆ ಒಂದೇ ನೀರು ಕುಡಿಯುವ ಹಿತ್ತಲಿನ ಬಾತು, ರೋಗ ಪತ್ತೆಯ ದೃಷ್ಟಿಯಿಂದ, ಹೊರಗೋಡೆಯಲ್ಲಿ ಕೂರಿಸಬೇಕಾದ ಕಾವಲುಗಾರ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ, ಪಟ್ಟಿಯಲ್ಲಿರುವ ರೋಗದ ಶಂಕೆಯಿದ್ದರೆ ವರದಿ ಮಾಡುವುದು ಸಾಕಿದವರ ಕರ್ತವ್ಯ. ಕರ್ತವ್ಯವನ್ನು ವಿಧಿಸಿದ್ದೇವೆ, ಸರಿ. ಆದರೆ ಆರೂ ಮರಿಗಳು ಒಮ್ಮೆಲೇ ಕತ್ತನ್ನು ಬೆನ್ನಿನ ಕಡೆಗೆ ಸೆಟೆದು ಗಂಟೆಗಳೊಳಗೆ ಸಾಯತೊಡಗಿದರೆ ಅದು ಯಕೃತ್ತಿನ ವೈರಾಣು ರೋಗವಿರಬಹುದು, ಒಂದೇ ಒಂದು ಮರಿ ಕಾಲು ಬಾಗಿ ಕುಳಿತರೆ ಊಟದ ಕೊರತೆಯಿರಬಹುದು ಎಂಬ ವ್ಯತ್ಯಾಸವನ್ನು ಕಾವಲುಗಾರನ ಹೆಂಡತಿಗೆ ತಿಳಿಸುವ ಕರ್ತವ್ಯ ಯಾರದು? ಮೊದಲ ಸಲ ಡಬ್ಬಿ ಹಿಡಿದು ಹೋದಾಗ ನಗೆಯನ್ನು ಎದುರಿಸಿದವಳು ಎರಡನೆಯ ಸಲ ಹೋಗುವುದಿಲ್ಲ. ಸತ್ತ ಹಕ್ಕಿಯನ್ನು ಚರಂಡಿಗೋ ಕೆರೆಗೋ ಎಸೆಯುತ್ತಾಳೆ. ರೋಗ ನಿಗಾ ವ್ಯವಸ್ಥೆ ಕುರುಡಾಗುವುದು ಭೋಪಾಲಿನ ಉನ್ನತ ಪ್ರಯೋಗಾಲಯದಲ್ಲಿ ಅಲ್ಲ, ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ.

ಹಣಕಾಸು ಇಲಾಖೆಯಲ್ಲಿ ಕೆಲಸ ಮಾಡಿದವನಾದ್ದರಿಂದ ಹೊಸ ಹುದ್ದೆ, ಹೊಸ ಕಟ್ಟಡಗಳ ಬೇಡಿಕೆಯನ್ನು ಮುಂದಿಡುವುದಕ್ಕೆ ನನ್ನ ಕೈ ಏಳುವುದಿಲ್ಲ. ಇರುವುದರಲ್ಲಿಯೇ ಮಾಡಬಹುದಾದದ್ದು ಸಾಕಷ್ಟಿದೆ. 1962ಕ್ಕೆ ಕರೆ ಬಂದಾಗ ಹಕ್ಕಿಯ ಕಾಯಿಲೆಗೆ ವಾಹನ ಕಳುಹಿಸಬೇಕಿಲ್ಲ. ನನ್ನ ಮಿತ್ರರು ಕೇಳಿದ ನಾಲ್ಕು ಪ್ರಶ್ನೆಗಳನ್ನು ಕೇಳಬಲ್ಲ ಒಬ್ಬರು ಅತ್ತಲಿಂದ ಮಾತನಾಡಿದರೆ ಸಾಕು. ಜೀವನೋಪಾಯ ಅಭಿಯಾನದಡಿ ಹಳ್ಳಿಗಳಲ್ಲಿ ಈಗಾಗಲೇ ತರಬೇತಿ ಪಡೆದ ಪಶು ಸಖಿಯರಿದ್ದಾರೆ. ಹಕ್ಕಿಗಳನ್ನು ಸಾಕುವವರೂ ಬಹುತೇಕ ಹೆಂಗಸರೇ. ಆ ತರಬೇತಿಯಲ್ಲಿ ಹಕ್ಕಿಗೆ ಇನ್ನೆರಡು ದಿನ ಮೀಸಲಿಟ್ಟರೆ ಬೊಕ್ಕಸ ಬರಿದಾಗದು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ರೋಗ ಪತ್ತೆಯ ಪ್ರಯೋಗಾಲಯ ಎರಡೂ ಇವೆ. ಬೀದರಿನಲ್ಲಿ ವಿಶ್ವವಿದ್ಯಾಲಯವೇ ಇದೆ. ಬಾತು ಸಾಕಣೆಯ ಬಗ್ಗೆ ಎರಡು ಪುಟದ ಕನ್ನಡ ಕರಪತ್ರ, ಅಕ್ಷರ ಬಾರದವರಿಗೆ ಅದರ ಧ್ವನಿಮುದ್ರಿಕೆ, ಅವುಗಳ ಶಕ್ತಿಗೆ ಮೀರಿದ್ದಲ್ಲ.

ಇದೆಲ್ಲಕ್ಕೂ ಮೊದಲು ಆಗಬೇಕಾದದ್ದು ಇನ್ನೂ ಚಿಕ್ಕದು. ಅಂದು ನಾನು ಕಂಡ ಹೊರರೋಗಿ ವಹಿಯಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿ, ನಾಯಿಗಳಿಗೆ ಬೇರೆ ಬೇರೆ ಕಲಮುಗಳಿದ್ದವು. ನಮ್ಮ ಮರಿಯನ್ನು 'ಇತರೆ' ಎಂಬ ಕಲಮಿನಲ್ಲಿ ಬರೆದುಕೊಂಡರು. ತಿಂಗಳ ಕೊನೆಗೆ ಆ ಕಲಮಿನ ಮೊತ್ತ ಜಿಲ್ಲೆಗೆ, ಅಲ್ಲಿಂದ ರಾಜಧಾನಿಗೆ ಹೋಗುತ್ತದೆ. ಕೋಳಿಗೊಂದು, ಬಾತಿಗೊಂದು ಕಲಮು ತೆರೆದು, ಪಕ್ಕದಲ್ಲಿ ಹಿಂಡಿನಲ್ಲಿ ಎಷ್ಟು, ಕಾಯಿಲೆ ಎಷ್ಟಕ್ಕೆ ಎಂಬ ಎರಡು ಅಂಕಿಗಳನ್ನು ಸೇರಿಸಲು ನಿರ್ದೇಶಕರ ಒಂದು ಸುತ್ತೋಲೆ ಸಾಕು. ಹೊಸ ವಹಿಗಳು ಅಚ್ಚಾಗುವುದು ಏಪ್ರಿಲ್ ತಿಂಗಳಿಗೆ ಮುಂಚೆ. ಅಷ್ಟರೊಳಗೆ ಯಾರಾದರೂ ಒಂದು ಟಿಪ್ಪಣಿ ಮಂಡಿಸಬಹುದು.